ನಡುಗೋಡೆಯಾಚೆಯ ಎರಡನೇ ಪೆಟ್ಟಿಗೆ

ಹೋದ ವಾರ ನಾನು ಫೋನಿನಲ್ಲಿ ಹೇಳಿ ಕಳಿಸಿದ ಕತೆ ಕೇಳಿ, ‘ಮುದುಕನಿಗೆ ಮರೆವು ಹತ್ತಿದೆ, ತುರ್ಗುನ್ ಉಸ್ತಾನ ಮನೆಯ ನಡುಗೋಡೆ ಅಷ್ಟು ದಪ್ಪ ಇರಲೇ ಇಲ್ಲ’ ಎಂದು ಗೊಣಗಿದವರು ಯಾರೆಂದು ನನಗೆ ಗೊತ್ತು. ಕಿವಿ ಹಿಂಡಬೇಕು ನಿಮ್ಮದು. ಮುಂದಿನ ಮನೆಗೂ ಒಳಂಗಳದ ಮನೆಗೂ ನಡುವಿನ ಆ ಗೋಡೆಗೆ ಮಣ್ಣು ತುಳಿದವರಲ್ಲಿ ನಾನೂ ಒಬ್ಬ. ಭುಜದವರೆಗೆ ಕೈ ತೂರಿಸಿದರೂ ಆಚೆ ಬದಿ ಸಿಗದು. ನನ್ನ ಹೆಂಡತಿ ಹುಟ್ಟಿದ ದಿನ ಮರೆತೇನು, ಆ ಗೋಡೆಯನ್ನು ಮರೆಯುವವನಲ್ಲ. ಬಾಯಿ ಮುಚ್ಚಿ ಕೇಳಿ.

ಮಸ್ತೂರಾ ಕನ್ನಡಿಯ ಮುಂದೆ ನಿಂತಿದ್ದಳು. ಕನ್ನಡಿ ಅವಳಿಗೆ ಬೆನ್ನು ತೋರಿಸಿತ್ತು.

ಸಾವಿನ ಮನೆಯ ಕನ್ನಡಿ ಅದು. ಆಳೆತ್ತರದ್ದು, ಮದುವೆಯ ಕಾಲದ್ದು. ಗೋಡೆಯಿಂದ ಇಳಿಸಿ, ಮುಖ ಒಳಗೆ ಮಾಡಿ, ಹಜಾರದ ಗೂಡಿಗೆ ಒರಗಿಸಿ ಇಟ್ಟಿದ್ದರು. ಟಿವಿಯ ಮೇಲೆ ಹಾಸಿಗೆಯ ಬಟ್ಟೆ. ಗೋಡೆ ಗಡಿಯಾರದ ಮೇಲೆ ಟವೆಲು.

ರೇಷ್ಮೆಯ ನಕ್ಷೆಗಾರ ತುರ್ಗುನ್, ಕಸುಬಿನ ಗುರುವೆಂದು ಊರೆಲ್ಲ ಉಸ್ತಾ ಎನ್ನುತ್ತಿದ್ದವನು, ಸತ್ತು ಆರು ದಿನ. ಮೂರನೇ ದಿನ ಸಂಜೆಯ ಪ್ರಾರ್ಥನೆಗೆ ಮುಂಚೆ ಅವನ ನಕ್ಷೆ ಪುಸ್ತಕ ಕಾಣೆಯಾಗಿತ್ತು. ಅದೇ ಹೊತ್ತಿಗೆ ಅದರ ನೂರ ಹನ್ನೆರಡು ಪುಟಗಳ ಚಿತ್ರಗಳು ಇದೇ ಮನೆಯ ವೈಫೈ ಹತ್ತಿ ಹೊರಗೆ ಹೋಗಿದ್ದವು. ಮರುದಿನ ಅಂದಿಜಾನಿನ ಸಂತೆಯಲ್ಲಿ ಯಾರದೋ ಫೋನಿನಲ್ಲಿ ಆ ನಕ್ಷೆಗಳು ಕಂಡವು.

ಕಳ್ಳಿ ಎಂದು ಹೆಸರು ಬಿದ್ದದ್ದು ಕಿರಿಸೊಸೆ ಲೋಬರ್‌ಗೆ. ನಾಳೆ ಏಳನೇ ದಿನದ ಪ್ರಾರ್ಥನೆ ಮುಗಿದ ಕೂಡಲೇ ಅವಳನ್ನು ತೌರಿಗೆ ಅಟ್ಟುವುದೆಂದು ತೀರ್ಮಾನ. ನಾಲ್ಕು ವರ್ಷದ ಮಗಳು ಅಸಲ್ ಇಲ್ಲೇ ಉಳಿಯುತ್ತಾಳೆ. ಕಳ್ಳಿಯ ಕೈಗೆ ಈ ಮನೆಯ ಮಗುವನ್ನು ಕೊಡುವುದುಂಟೆ?

“ಏನಕ್ಕಾ, ಕನ್ನಡಿ ನೋಡೋಕಾ ಬಂದಿದ್ದು?” ಎಂದ ಹಿರಿಮಗ ಕೋಸಿಮ್. ಅಂಗಿಯ ಮೇಲೆ ಸೂತಕದ ನಡುಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

“ಇದನ್ನ ಇಲ್ಲಿ ಇಟ್ಟಿದ್ದು ಯಾರು?”

“ಓಯಿ ಇಟ್ಟರು, ನಮ್ಮಮ್ಮ. ಅಪ್ಪ ಸತ್ತ ಗಳಿಗೆಗೇ. ಯಾಕೆ?”

“ಹಿಂದೆ ಏನಿದೆ?”

“ಗೂಡು.”

“ಗೂಡಲ್ಲಿ?”

ಕೋಸಿಮ್ ಉತ್ತರಿಸುವ ಮೊದಲೇ ಅವಳು ಕನ್ನಡಿಯ ಅಂಚು ಸರಿಸಿ ಇಣುಕಿದಳು. ಗೂಡಿನಲ್ಲಿ ಮನೆಯ ಮೊದಲ ರೂಟರ್, ಎಲ್ಲರ ಬಾಯಲ್ಲಿ ‘ಮುಂದಿನ ಪೆಟ್ಟಿಗೆ’, ಕೂತು, ಕತ್ತಲಲ್ಲಿ ಮಿಣಮಿಣ ಎನ್ನುತ್ತಿತ್ತು.

“ಓಯಿಗೆ ಅದು ಕಣ್ಣು ಮಿಟುಕಿಸ್ತಾ ಇತ್ತಂತೆ,” ಎಂದ ಕೋಸಿಮ್. “ಸಾವಿನ ಮನೇಲಿ ಮದುವೆ ದೀಪ ಹಚ್ಚಿದ ಹಾಗಿದೆ, ಮುಚ್ಚು ಅಂದರು. ಅದಕ್ಕೇ ಕನ್ನಡಿ ಅಡ್ಡ.”

ಮಸ್ತೂರಾ ತಲೆಯಾಡಿಸಿದಳು. ಮೂವತ್ತೊಂದು ವರ್ಷ ಊರಿನ ಟೆಲಿಫೋನ್ ಕೇಂದ್ರದಲ್ಲಿ ಕೂತು ಒಬ್ಬರ ದನಿಯನ್ನು ಇನ್ನೊಬ್ಬರ ಕಿವಿಗೆ ಜೋಡಿಸಿದವಳು ಅವಳು. ಈಗ ಕೇರಿಯವರ ವೈಫೈ ರಿಪೇರಿ. ಕಂಬ ಹತ್ತುವುದು, ತಂತಿ ಎಳೆಯುವುದು ಗಂಡ ಎರ್ಗಾಶನ ಪಾಲಿಗೆ ಇತ್ತು. ಎರ್ಗಾಶ್ ಕಲ್ಲಂಗಡಿ ಸಂತೆಯ ಪಕ್ಕದ ಕಂಬದಿಂದ ಬಿದ್ದು ಸತ್ತು ನಲವತ್ತು ದಿನ ಕಳೆದಿತ್ತು. ಅವಳು ಅತ್ತಿರಲಿಲ್ಲ. ಅಳು ಬರುತ್ತದೆಂದು ಹೆಂಗಸರು ಕಾದು ಕಾದು ಮನೆಗೆ ಹೋದರು. ಅಂದಿನಿಂದ ನಾಲಿಗೆಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುತ್ತಿರಲಿಲ್ಲ. ಕೆಲಸ ಕೊಟ್ಟರೆ ಮಾಡುತ್ತಿದ್ದಳು. ಕೊಡದಿದ್ದರೆ ಕೂತಿರುತ್ತಿದ್ದಳು.

ಈ ಕೆಲಸ ಕೊಟ್ಟವನು ಕೇರಿಯ ಹಿರಿಯ, ನೋರ್ಮತ್ ಅಜ್ಜ. ಅವನು ಅತಿಥಿ ಕೋಣೆಯ ಹೊಸ್ತಿಲಲ್ಲಿ ಬಟ್ಟಲು ಹಿಡಿದು ಕೂತಿದ್ದ.

“ಅಮ್ಮಯ್ಯಾ, ನಂಗೆ ಅರ್ಥ ಆಗೋ ಹಾಗೆ ಹೇಳು. ನನ್ನ ಗಡ್ಡ ಬೆಳ್ಳಗಾಗಿದ್ದು ಹಿಟ್ಟು ಮೆತ್ತಿ ಅಲ್ಲ ನಿಜ. ಆದರೆ ಈ ಪೆಟ್ಟಿಗೆ ವಿಷಯದಲ್ಲಿ ನಾನು ಕುರಿ.”

“ಅರ್ಥ ಆಗೋಕೆ ಏನಿದೆ ಅಜ್ಜಾ?” ಕೋಸಿಮ್ ಫೋನು ಚಾಚಿದ. “ಮುಂದಿನ ಪೆಟ್ಟಿಗೆ ಪಟ್ಟೀಲಿ ಬರ್ದಿದೆ. ಮೂರನೇ ದಿನ, ನಾಲ್ಕೂವರೆಗೆ, ಅಷ್ಟೂ ಭಾರ ಹೋಗಿದ್ದು ಎರಡನೇ ಪೆಟ್ಟಿಗೆಯಿಂದ. ಎರಡನೇ ಪೆಟ್ಟಿಗೆ ಇರೋದು ಒಳಂಗಳದ ಮನೇಲಿ. ಒಳಂಗಳದ ಮನೇಲಿ ಇರೋದು ಲೋಬರ್. ಗಂಡಸರೆಲ್ಲ ಹೊರಬಾಗಿಲಲ್ಲಿ ನಿಂತು ಬಂದವರ ಭುಜ ಹಿಡಿದು ಅಳ್ತಾ ಇದ್ವಿ. ಇನ್ನು ಯಾರು, ಬೆಕ್ಕಾ?”

ಒಳಂಗಳದ ಬಾಗಿಲ ಬಳಿ ನಿಂತಿದ್ದ ಲೋಬರ್ ತಲೆ ಎತ್ತಲಿಲ್ಲ. ಇಪ್ಪತ್ತಾರರ ಹೆಂಗಸು, ಬೂದುನೀಲಿ ಸೂತಕದ ಬಟ್ಟೆ. ಅಸಲ್ ಅವಳ ಕಾಲನ್ನು ಕಂಬದಂತೆ ಅಪ್ಪಿಕೊಂಡಿತ್ತು. ಅವಳ ಗಂಡ ಹೈದರ್, ಉಸ್ತಾನ ಕಿರಿಮಗ, ಅಂಗಳದಾಚೆ ನೀರಿನ ಕಾಲುವೆಯ ಪಕ್ಕ ಕೂತು ಕಡ್ಡಿಯಿಂದ ನೆಲ ಗೀಚುತ್ತಿದ್ದ. ಮೂರು ದಿನದಿಂದ ಅವನು ಹೆಂಡತಿಯ ಪರವಾಗಿ ಒಂದು ಮಾತೂ ಆಡಿರಲಿಲ್ಲ. ವಿರುದ್ಧವಾಗಿಯೂ ಆಡಿರಲಿಲ್ಲ.

ಮಸ್ತೂರಾ ತನ್ನ ಫೋನನ್ನು ಅತಿಥಿ ಕೋಣೆಯ ನಡುವೆ, ಊಟದ ಹಾಸಿನ ಮೇಲೆ ಇಟ್ಟಳು.

“ಅಜ್ಜಾ, ಇದರ ತಲೆ ಮೇಲೆ ವೈಫೈ ಗೆರೆ ಕಾಣ್ತಿದೆಯಾ?”

“ಎರಡು ಗೆರೆ ಇದೆ.”

“ಅದನ್ನೇ ನೋಡ್ತಾ ಇರಿ. ಲೋಬರ್, ಒಳಗೆ ಹೋಗಿ ಎರಡನೇ ಪೆಟ್ಟಿಗೆ ಪ್ಲಗ್ ಕೀಳಮ್ಮ.”

ಲೋಬರ್ ಹೋದಳು. ಅಜ್ಜ ಗೆರೆಯ ಮೇಲೆ ಕಣ್ಣು ನೆಟ್ಟ.

“ಹೋಯ್ತು!” ಅಜ್ಜ ಬಟ್ಟಲು ಕೆಳಗಿಟ್ಟ. “ಗೆರೆ ಹೋಯ್ತು. ಮುಂದಿನ ಪೆಟ್ಟಿಗೆ ಇಲ್ಲೇ ಎರಡು ಮಾರು ದೂರದಲ್ಲಿದೆಯಲ್ಲೇ!”

“ಕನ್ನಡಿ ಬೆನ್ನಿಗೆ ಬೆಳ್ಳಿ ಬಳಿದಿರ್ತಾರೆ. ಅಲೆ ಅದನ್ನ ದಾಟಲ್ಲ. ನಡುಗೋಡೆ ದಾಟಲ್ಲ ಅಂತಾನೇ ಎರಡನೇ ಪೆಟ್ಟಿಗೆ ಹಾಕಿಸಿದ್ದು ನೀವು. ಆಮೇಲೆ ಮೊದಲನೇದಕ್ಕೆ ನಿಮ್ಮ ಕೈಯಾರೆ ಇನ್ನೊಂದು ಗೋಡೆ ಕಟ್ಟಿದ್ರಿ. ಎರಡಕ್ಕೂ ಒಂದೇ ಹೆಸರು, ಒಂದೇ ಗುಟ್ಟಿನ ಪದ. ಫೋನಿಗೆ ಯಾರ ಮನೆ ಅಂತ ಭೇದ ಇಲ್ಲ, ಯಾರು ಕೂಗಿದರೂ ಓ ಅನ್ನತ್ತೆ.” ಅವಳು ಕಿಟಕಿಯ ಕಡೆ ಕೈ ತೋರಿದಳು. ನೇರಕ್ಕೆ ನಡುಗೋಡೆಯ ಬಾಗಿಲು. ಚಹಾದ ತಟ್ಟೆಗಳು ಓಡಾಡಲೆಂದು ಆ ಬಾಗಿಲನ್ನು ಮೊದಲ ದಿನವೇ ಕೀಲಿನಿಂದ ಕಳಚಿ ಗೋಡೆಗೆ ಆನಿಸಿದ್ದರು. ಅದರಾಚೆ ಒಳಂಗಳದ ಜಗಲಿಯ ಕಿಟಕಿಯಲ್ಲಿ ಎರಡನೇ ಪೆಟ್ಟಿಗೆ. “ಸಾವಿನ ಮೂರೂ ದಿನ ಈ ಕೋಣೇಲಿ ಕೂತವರ ಫೋನೆಲ್ಲ ಸೊಸೆ ಮನೆ ಪೆಟ್ಟಿಗೆಗೆ ಜೋತುಬಿದ್ದಿತ್ತು.”

ಅಜ್ಜ ಕೋಸಿಮನನ್ನು ನೋಡಿದ. ಕೋಸಿಮ್ ನಕ್ಕ. ಹಲ್ಲು ಮಾತ್ರ ನಕ್ಕವು.

“ಜೋತುಬಿದ್ದಿರಬಹುದು. ಬಹುದು! ಟೆಲಿಫೋನ್ ಕೇಂದ್ರಕ್ಕೆ ಬೀಗ ಬಿದ್ದು ಹತ್ತು ವರ್ಷ ಆಯ್ತಕ್ಕಾ. ಬಹುದು ಅನ್ನೋ ಮಾತಿಗೆ ಸೊಸೇನ ಉಳಿಸ್ಕೊಳ್ಳೋಕೆ ಆಗತ್ತಾ? ಯಾರ ಫೋನು ಅಂತ ಹೇಳು, ಒಪ್ಕೋತೀನಿ.”

“ಹೇಳ್ತೀನಿ. ಪೆಟ್ಟಿಗೆ ಹತ್ರ ನಡೀರಿ.”

ಎಲ್ಲರೂ ಒಳಂಗಳದ ಜಗಲಿಗೆ ಬಂದರು. ಅಲ್ಲಿ ಮುದುಕಿ ಇನೊಬತ್, ಉಸ್ತಾನ ವಿಧವೆ, ಗೋಡೆಗೆ ಒರಗಿ ಕೂತಿದ್ದಳು. ಮೊಣಕಾಲ ಮೇಲೆ ಎರಡೂ ಕೈ. ಯಾರು ಬಂದರು ಯಾರು ಹೋದರು ಎಂಬ ಗೊಡವೆ ಇಲ್ಲ. ಮಸ್ತೂರಾ ಅವಳನ್ನೊಮ್ಮೆ ನೋಡಿದಳು. ಆ ಕೂರುವ ರೀತಿ ಅವಳಿಗೆ ಗೊತ್ತಿತ್ತು. ತಾನೂ ಹಾಗೇ ಕೂರುತ್ತಿದ್ದಳು.

ಲೋಬರ್ ಮತ್ತೆ ಪ್ಲಗ್ ಹಾಕಿದಳು. ಪೆಟ್ಟಿಗೆ ಹಸಿರು ಕಣ್ಣು ಬಿಟ್ಟಿತು.

ಅದರ ತಂತಿ ದ್ರಾಕ್ಷಿ ಚಪ್ಪರದ ಮೇಲಿನಿಂದ ಬಂದು ಕಿಟಕಿಯ ಚೌಕಟ್ಟಿಗೆ ಬಿಗಿದಿತ್ತು. ಬಿಗಿದದ್ದು ನೀಲಿ ತಂತಿಯ ತುಣುಕಿನಿಂದ, ಎರಡು ಸುತ್ತು, ಒಳಗಿನಿಂದ ಒಂದು ಕುಣಿಕೆ. ಊರಿನಲ್ಲಿ ಹಾಗೆ ಗಂಟು ಹಾಕುವವನು ಒಬ್ಬನೇ ಇದ್ದ. ಈ ಮನೆಯೇ ಎರ್ಗಾಶನ ಕೊನೆಯ ಕೆಲಸ. ಶುಕ್ರವಾರ ಇಲ್ಲಿ ಪೆಟ್ಟಿಗೆ ಕೂರಿಸಿದ, ಮುಂದಿನ ಮಂಗಳವಾರ ಸಂಜೆ ಕಂಬದಿಂದ ಬಿದ್ದ.

ಅವಳು ಗಂಟಿನ ಮೇಲೆ ಬೆರಳಿಟ್ಟಳು. ಏನೂ ಆಗಲಿಲ್ಲ. ತಂತಿ ತಂತಿಯಂತೆಯೇ ಇತ್ತು.

“ಈ ಪೆಟ್ಟಿಗೆಗೆ ಅದರದ್ದೇ ಪಟ್ಟಿ ಇದೆ,” ಎಂದಳು. “ಮುಂದಿನ ಪೆಟ್ಟಿಗೆಗೆ ಇದರ ಹಿಂದೆ ಯಾರ್‍ಯಾರು ಇದಾರೆ ಅಂತ ಕಾಣಲ್ಲ. ಎಲ್ಲ ಸೇರಿ ಒಂದೇ ಹೆಸರು, ‘ಎರಡನೇ ಪೆಟ್ಟಿಗೆ.’”

“ಹಾಗ್ಯಾಕೆ ಮಾಡ್ದ ನಿನ್ನ ಗಂಡ? ಎಲ್ಲ ಒಂದೇ ಕಡೆ ಕಾಣೋ ಹಾಗೆ ಮಾಡೋಕೆ ಬರ್ತಿರಲಿಲ್ವಾ?” ಎಂದ ಅಜ್ಜ.

“ಬರ್ತಿತ್ತು. ಮಾಡ್ತಿರಲಿಲ್ಲ. ಸೊಸೆ ಇರೋ ಮನೇಲಿ ಯಾವತ್ತೂ ಹೀಗೇ. ಅವಳು ಏನು ನೋಡ್ತಾಳೆ, ಯಾರ ಹತ್ರ ಮಾತಾಡ್ತಾಳೆ ಅಂತ ಮುಂದಿನ ಮನೆಯವರು ಎಣಿಸೋದು ಬೇಡ, ಅವಳಿಗೂ ಒಂದು ಬಾಗಿಲು ಇರಲಿ ಅಂತಿದ್ರು.”

ಲೋಬರ್ ಮೊದಲ ಸಲ ತಲೆ ಎತ್ತಿದಳು. ತನಗಿರಲೆಂದು ಬಿಟ್ಟ ಬಾಗಿಲೇ ತನ್ನನ್ನು ಹೊರಗೆ ಹಾಕುತ್ತಿದೆ ಎಂದು ಅವಳಿಗೆ ಆಗ ಹೊಳೆದಿರಬೇಕು.

ಕೋಸಿಮ್ ಕೈ ಕಟ್ಟಿದ. “ಆ ಪಟ್ಟಿ ತೆಗೆಯೋಕೆ ಬೇರೆ ಗುಟ್ಟಿನ ಪದ ಬೇಕು. ನಾನೂ ಪ್ರಯತ್ನ ಪಟ್ಟೆ. ಅದು ನಿನ್ನ ಗಂಡನ ಜೊತೆ ಮಣ್ಣಿಗೆ ಹೋಗಿದೆ.”

“ನೀವು ಯಾವಾಗ ಪ್ರಯತ್ನ ಪಟ್ರಿ?”

“ಆಂ?”

“ಯಾವಾಗ ಅಂತ ಕೇಳ್ದೆ.”

“ಕಳ್ಳತನ ಗೊತ್ತಾದ ಮೇಲೆ. ಇನ್ನು ಯಾವಾಗ?”

ಮಸ್ತೂರಾ ಪೆಟ್ಟಿಗೆ ಬೋರಲು ಹಾಕಿದಳು. ತಳದ ರಬ್ಬರ್ ಕಾಲೊಂದನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಕಡಲೆಬೀಜದಷ್ಟು ಮಡಚಿದ ಕಾಗದ. ಗಂಡ ಕನ್ನಡಕ ಮರೆಯುತ್ತಿದ್ದ, ಊಟ ಮರೆಯುತ್ತಿದ್ದ, ಅದಕ್ಕೇ ಪದವನ್ನು ಅಲ್ಲಿ ಅಡಗಿಸುತ್ತಿದ್ದ.

“ಅಯ್ಯೋ ಕಳ್ಳ ನನ್ಮಗನೇ!” ಎಂದು ಅಜ್ಜ ತೊಡೆ ತಟ್ಟಿದ. ತಟ್ಟಿದ ಮೇಲೆ, ಬೈದದ್ದು ಸತ್ತವನನ್ನು ಎಂದು ನೆನಪಾಗಿ ಗಡ್ಡ ಸವರಿಕೊಂಡ. “ದೇವರು ಅವನಿಗೆ ಒಳ್ಳೇದು ಮಾಡಲಿ.”

ಪಟ್ಟಿ ತೆರೆಯಿತು. ಮಸ್ತೂರಾ ಟೆಲಿಫೋನ್ ಕೇಂದ್ರದ ದನಿಯಲ್ಲಿ ಓದಿದಳು. ಏರಿಲ್ಲ, ಇಳಿವಿಲ್ಲ.

“ಲೋಬರ್. ಕೊನೇ ಸಲ ಕಂಡಿದ್ದು ಎರಡನೇ ದಿನ ಬೆಳಿಗ್ಗೆ ಎಂಟಕ್ಕೆ. ಆಮೇಲೆ ಇಲ್ಲ.”

“ಅಸಲ್ ಆವತ್ತೇ ನನ್ನ ಫೋನನ್ನ ಕಾಲುವೆಗೆ ಹಾಕಿದ್ಳು,” ಲೋಬರ್‌ಳ ದನಿ ತುಕ್ಕು ಹಿಡಿದಂತಿತ್ತು. “ಹೇಳ್ದೆ. ಯಾರೂ ಕೇಳಿಸ್ಕೊಳ್ಳಲಿಲ್ಲ.”

“ಹೈದರ್. ಮೂರನೇ ದಿನ ಇದೆ, ಹಗುರ, ಒಂದೆರಡು ಮಾತಿನಷ್ಟು. ಕೋಸಿಮ್. ಅದೂ ಹಾಗೇ.” ಅವಳ ಬೆರಳು ನಿಂತಿತು. “ನಾಲ್ಕೂವರೆ. ನೂರ ಹನ್ನೆರಡು ಚಿತ್ರದಷ್ಟು ಭಾರ. ಹೆಸರು, ಉಸ್ತಾ.”

ಅಜ್ಜ ಬಗ್ಗಿ ಪರದೆ ನೋಡಿದ.

“ಅಪ್ಪನ ಫೋನಾ?” ಹೈದರ್ ಕಾಲುವೆಯ ಬಳಿಯಿಂದ ಎದ್ದು ಬಂದಿದ್ದ. ಕೈಯಲ್ಲಿ ಇನ್ನೂ ಆ ಕಡ್ಡಿ.

“ಸುಳ್ಳು!” ಕೋಸಿಮ್ ಗದರಿದ. “ಆ ಫೋನು ಅಪ್ಪನ ನಿಲುವಂಗಿ ಜೇಬಲ್ಲಿತ್ತು. ನಿಲುವಂಗಿ ಹೆಣ ತೊಳೆದವನ ಪಾಲು. ಸತ್ತ ದಿನವೇ ಗಂಟು ಕಟ್ಕೊಂಡು ಹೋದ. ಸತ್ತವನ ಬಟ್ಟೆ ವಾಪಸ್ ಕೇಳೋಕಾಗತ್ತಾ?”

“ಆ ನಂಬರಿಗೆ ಯಾರಾದ್ರೂ ಫೋನ್ ಮಾಡಿದ್ರಾ?”

“ಸತ್ತವನ ನಂಬರಿಗೆ ಯಾರು ಮಾಡ್ತಾರೆ? ತಲೆ ಕೆಟ್ಟಿದೆಯಾ ನಿಂಗೆ?”

ಮಸ್ತೂರಾ ಮಾಡುತ್ತಿದ್ದಳು. ದಿನಾ, ಬೆಳಗಿನ ಚಹಾ ಆದ ಮೇಲೆ. ಎರ್ಗಾಶನ ಫೋನು ಅವಳ ಬೀರುವಿನಲ್ಲೇ ಇತ್ತು. ಇಲ್ಲಿಂದ ಒತ್ತುವಳು, ಅಲ್ಲಿ ಬೀರು ಗುಂಯ್ ಎನ್ನುವುದು. ಏಳು ಸಲ ಕೇಳಿ ಇಟ್ಟುಬಿಡುವಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

ಅವಳು ಉಸ್ತಾನ ನಂಬರು ಒತ್ತಿದಳು.

ಗುಂಯ್.

ಜಗಲಿಯ ಮೇಲೇ, ಬಹಳ ಹತ್ತಿರದಲ್ಲಿ. ಗೋಡೆಗೆ ಒರಗಿದ್ದ ಮುದುಕಿ ಇನೊಬತ್‌ಳ ಎದೆಯೊಳಗಿಂದ. ನೀಲಿ ಬಟ್ಟೆ ಸಣ್ಣಗೆ ನಡುಗುತ್ತಿತ್ತು.

ಅಸಲ್ ಓಡಿಹೋಗಿ ಅಜ್ಜಿಯ ಎದೆಗೆ ಕಿವಿ ಇಟ್ಟಿತು. “ಅಜ್ಜಿ ಒಳಗೆ ಜೇನ್ನೊಣ!”

“ಓಯಿ,” ಎಂದ ಕೋಸಿಮ್.

ಮುದುಕಿ ಕೈ ಒಳಗೆ ಹಾಕಿ ಫೋನು ತೆಗೆದಳು. ಉಣ್ಣೆಯ ಚಿಂದಿಯಲ್ಲಿ ಸುತ್ತಿತ್ತು. “ಬಟ್ಟೆ ಕೊಟ್ಟೆ. ಬೂಟು ಕೊಟ್ಟೆ. ಟೋಪಿ ಕೊಟ್ಟೆ,” ಎಂದಳು. “ಇದರೊಳಗೆ ಅವರ ದನಿ ಇದೆ. ಇದನ್ನ ಹೆಂಗೆ ಕೊಡ್ಲಿ?”

ಮಸ್ತೂರಾ ಅವಳ ಮುಂದೆ ಮಂಡಿಯೂರಿದಳು. “ಯಾರೂ ಕಿತ್ಕೊಳ್ಳಲ್ಲ, ಅಜ್ಜಿ. ಚಿತ್ರ ಕಳಿಸೋಕೆ ನಿಮಗೆ ಬರತ್ತಾ?”

“ನಂಗೆ ಬರೋದು ಒಂದೇ. ಇಲ್ಲಿ ಒತ್ತೋದು. ಒತ್ತಿದ್ರೆ ಅವರು ಮಾತಾಡ್ತಾರೆ.”

“ಮೂರನೇ ದಿನ ಇದು ನಿಮ್ಮ ಹತ್ರಾನೇ ಇತ್ತಾ?”

“ಜೀವ ಹೋಗಿತ್ತು ಇದಕ್ಕೆ. ಕಪ್ಪಗಾಯ್ತು. ಕರೆಂಟಿಗೆ ಹಾಕ್ಕೊಡಪ್ಪಾ, ಯಾರಿಗೂ ಹೇಳ್ಬೇಡ ಅಂತ ಮಗನ ಕೈಗೆ ಕೊಟ್ಟೆ. ಅತಿಥಿ ಕೋಣೇಲಿ ಹಾಕಿ, ಪ್ರಾರ್ಥನೆ ಹೊತ್ತಿಗೆ ತಂದ್ಕೊಟ್ಟ.”

ನೋರ್ಮತ್ ಅಜ್ಜ ಕೋಲೂರಿ ಎದ್ದು ನಿಂತ. “ಕೇಳಿಸ್ಕೊಳ್ಳಿ ಎಲ್ಲರೂ. ಈ ಹುಡುಗಿ ನಾಳೆ ಎಲ್ಲಿಗೂ ಹೋಗಲ್ಲ. ಕೇರಿಯ ಮಾತು ಇದು. ಇನೊಬತ್, ಹೇಳಮ್ಮ. ಯಾವ ಮಗ?”

ಮುದುಕಿ ಹಿರಿಯವನನ್ನು ನೋಡಿದಳು. ಕಿರಿಯವನನ್ನು ನೋಡಿದಳು. ಕೋಸಿಮ್ ನಡುಪಟ್ಟಿಯ ಗಂಟನ್ನು ಬಿಗಿ ಮಾಡುತ್ತಿದ್ದ. ಹೈದರ್‌ನ ಕೈಯಲ್ಲಿದ್ದ ಕಡ್ಡಿ ಮುರಿದಿತ್ತು. ಮುದುಕಿಯ ಹೆಬ್ಬೆರಳು, ಕಷ್ಟ ಬಂದಾಗ ಜಪಮಣಿ ಹುಡುಕುವ ಹಾಗೆ, ತಾನಾಗಿಯೇ ಹೋಗಿ ಒಂದು ಕಡೆ ಒತ್ತಿತು.

ತುರ್ಗುನ್ ಉಸ್ತಾ ಮಾತಾಡಿದ.

“ಇನೊಬತ್, ತಂತಿಯವನು ಮತ್ತೆ ಬಂದಿದಾನೆ. ಕೆಲಸದ ಮನೆಗೆ ಎರಡು ಬಟ್ಟಲು ಚಹಾ ಕಳಿಸು. ನಿನ್ನ ಕೈಯಾರೆ ಮಾಡು, ಅಂಗಡೀದು ಬೇಡ...”

ಲೋಬರ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿದಳು. ಮಾತು ಮುಗಿದಿತ್ತು, ಆದರೆ ಉಸ್ತಾ ರೆಕಾರ್ಡ್ ಗುಂಡಿಯಿಂದ ಬೆರಳು ತೆಗೆಯಲು ಮರೆತಿದ್ದ. ಅವನ ದನಿಯ ಹಿಂದೆ ಇನ್ನೊಂದು ದನಿ ಇತ್ತು.

ಮಸ್ತೂರಾ ಮೊದಲು ಕೇಳಿದ್ದು ಹಳೇ ಕೆಲಸದ ಕಿವಿಯಿಂದ. ಗಂಡಸು. ನಾಲ್ಕು ಹೆಜ್ಜೆ ದೂರ, ಬಾಗಿಲ ಕಡೆ. ನಾಲಿಗೆಯಡಿ ಹೊಗೆಸೊಪ್ಪು, ಅದಕ್ಕೇ ಮಾತು ದಪ್ಪ. ಇಷ್ಟನ್ನು ಲೆಕ್ಕ ಹಾಕಿದ ಮೇಲೆ ಅವಳಿಗೆ ಅದು ಯಾರೆಂದು ಗೊತ್ತಾಯಿತು.

“ಚಹಾ ಬೇಡ ಉಸ್ತಾ, ನಾನು ಹೇಳೋದು ಕೇಳಿ,” ಎಂದ ಎರ್ಗಾಶ್. “ನಿಮ್ಮ ಮಗ ನಿನ್ನೆ ನನ್ನ ಹುಡ್ಕೊಂಡು ಬಂದಿದ್ದ. ನಿಮ್ಮ ಪುಸ್ತಕದ ಮೇಲೆ ಕಣ್ಣಿದೆ ಅವನಿಗೆ. ಈ ಪೆಟ್ಟಿಗೆಗೆ ಒಂದು ಕಳ್ಳದಾರಿ ಇಡು, ಯಾರು ಕಳಿಸಿದ್ರು ಅಂತ ಕಾಣಬಾರದು ಅಂದ. ಆಗಲ್ಲ ಅಂದೆ. ಕಂಬ ಹತ್ತೋನು ಬೀಳೋಕೆ ಎಷ್ಟು ಹೊತ್ತು ಅಂತ ಕೇಳ್ದ ನನ್ನನ್ನ.”

ಪರದೆಯ ಮೇಲೆ ದಿನಾಂಕವಿತ್ತು. ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಎರ್ಗಾಶ್ ಬಿದ್ದದ್ದು ಐದಕ್ಕೆ. ಶುಕ್ರವಾರದ ಮೇಲೆ ಅವನ ಮುಖವನ್ನೇ ನೋಡಿಲ್ಲ ಎಂದು ಈ ಮನೆಯ ಇಬ್ಬರು ಮಕ್ಕಳೂ ಅವನ ಶವದ ಮುಂದೆ ಹೇಳಿದ್ದರು. ಇಬ್ಬರೂ ಹೆಗಲು ಕೊಟ್ಟಿದ್ದರು.

ಫೋನಿನಲ್ಲಿ ಉಸ್ತಾನ ದನಿ ಕೇಳಿತು, ಈಗ ಬೇರೆಯದೇ ದನಿ, ಮುದಿ ದನಿ. “ಯಾವನು? ದೊಡ್ಡವನಾ? ಚಿಕ್ಕವನಾ?”

ಎರ್ಗಾಶ್ ಉಸಿರೆಳೆದುಕೊಂಡದ್ದು ಕೇಳಿಸಿತು.

ಮುದುಕಿಯ ಹೆಬ್ಬೆರಳು ಕೆಳಗೆ ಬಂತು. ದನಿ ಕತ್ತರಿಸಿತು.

ಲೋಬರ್ ಬಂದು ಅಸಲ್‌ಳನ್ನು ಎತ್ತಿಕೊಂಡಳು. ಎತ್ತಿಕೊಂಡು ಬಾವನಿಂದ ಒಂದು ಹೆಜ್ಜೆ ಸರಿದಳು. ಆಮೇಲೆ, ಯೋಚಿಸಿ, ಗಂಡನಿಂದಲೂ ಒಂದು ಹೆಜ್ಜೆ.

“ಇನ್ನೊಂದ್ಸಲ ಒತ್ತಿ, ಅಜ್ಜಿ,” ಎಂದಳು ಮಸ್ತೂರಾ. ದನಿ ಏರಲಿಲ್ಲ, ಇಳಿಯಲಿಲ್ಲ. ಅಂಗೈ ಚಾಚಿದಳು. ಬೆರಳ ತುದಿಗಳು ಸೂಜಿ ಚುಚ್ಚಿದಂತೆ ಜುಮುಗುಡುತ್ತಿದ್ದವು. ನಲವತ್ತು ದಿನದಲ್ಲಿ ಮೊದಲ ಸಲ.

ಇನೊಬತ್ ಫೋನನ್ನು ಚಿಂದಿಯಲ್ಲಿ ಸುತ್ತಿದಳು, ನಿಧಾನವಾಗಿ, ಮಗುವಿಗೆ ಬಟ್ಟೆ ಸುತ್ತುವಂತೆ.

“ಮುಂದಿನ ಮಾತು ನಂಗೆ ಬಾಯಿಪಾಠ,” ಎಂದಳು. “ಆರು ದಿನದಿಂದ ಕೇಳ್ತಾ ಇದೀನಿ. ಗಂಡ ನಂಗೆ ಒಬ್ಬ, ಹೋದ. ಮಕ್ಕಳು ಇಬ್ಬರು. ನಿನ್ನ ಕೈಗೆ ಇದನ್ನ ಇಟ್ರೆ ಎಷ್ಟು ಜನ ಉಳೀತಾರೆ, ನೀನೇ ಹೇಳು ಮಗಳೇ.”

ಮಸ್ತೂರಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ಗಂಟಲು ಒಣಗಿತು, ಚಹಾ ಆರಿತು. ನೀವು ಕೇಳಿ ಸುಮ್ಮನೆ ಮಲಗಬೇಡಿ. ಇದನ್ನು ಪಕ್ಕದ ಮನೆಗೆ ದಾಟಿಸಿ, ಅವರು ಅವರ ಪಕ್ಕದ ಮನೆಗೆ ದಾಟಿಸಲಿ, ದಪ್ಪ ಗೋಡೆಯ ಮನೆಗೂ ತಲುಪಲಿ. ಹೇಳುವಾಗ ಕನ್ನಡಿ ಬಿಡಬೇಡಿ, ನೀಲಿ ಗಂಟು ಬಿಡಬೇಡಿ. ಮುದುಕಿ ನುಂಗಿದ ಹೆಸರಿನ ಜಾಗಕ್ಕೆ ಮಾತ್ರ ನಿಮಗೆ ತೋಚಿದ ಹೆಸರು ತುಂಬಬೇಡಿ. ಒಬ್ಬಳಿಗೆ ಹಾಗೆ ಹೆಸರು ಹಚ್ಚಿಯೇ ಮೂರು ದಿನ ಸುಟ್ಟಿದ್ದೇವೆ.